ನಾಯಿ, ಬೆಕ್ಕಿನ ಕಜ್ಜಿ: ಮೊದಲು ನುಸಿ ಯಾವುದು ಅಂತ ಹುಡುಕಿ, ಮದ್ದು ಆಮೇಲೆ

ನಾಯಿ ಬಿಡದೆ ಕೆರೆದುಕೊಳ್ಳುತ್ತಿದೆ. ಕಿವಿ ಹತ್ತಿರ ಕೂದಲು ಹೋಗಿದೆ. ಚರ್ಮ ಕೆಂಪಗಾಗಿ ಹಕ್ಕಳೆ ಕಟ್ಟಿದೆ. ನೋಡಿದವರೆಲ್ಲ ‘ಕಜ್ಜಿ ಇರಬೇಕು’ ಅನ್ನುತ್ತಾರೆ, ಜೊತೆಗೆ ಒಂದೊಂದು ಮದ್ದನ್ನೂ ಹೇಳಿ ಹೋಗುತ್ತಾರೆ. ತೊಂದರೆ ಶುರುವಾಗುವುದೇ ಇಲ್ಲಿಂದ. ಕಜ್ಜಿ ತರುವ ನುಸಿ (ಚರ್ಮದಲ್ಲಿ ಬದುಕುವ ಪುಟ್ಟ ಜೀವಿ, ಇಂಗ್ಲಿಷಿನ ‘ಮೈಟ್’) ಒಂದೇ ಜಾತಿಯದಲ್ಲ. ಒಂದು ಚರ್ಮದೊಳಗೆ ಸುರಂಗ ಕೊರೆಯುತ್ತದೆ. ಇನ್ನೊಂದು ಕೂದಲಿನ ಬುಡದಲ್ಲಿ ವರ್ಷಗಟ್ಟಲೆ ಸುಮ್ನೆ ಇದ್ದು, ಮೈ ಸೋತಾಗ ಮೇಲೇಳುತ್ತದೆ. ಮತ್ತೊಂದು ಕಿವಿಯೊಳಗೇ ಸಂಸಾರ ಹೂಡುತ್ತದೆ. ಒಂದು ಮನೆಯ ಪ್ರಾಣಿಗಳಿಗೆಲ್ಲ ಹರಡುತ್ತದೆ, ಇನ್ನೊಂದು ಪಕ್ಕದಲ್ಲೇ ಮಲಗುವ ನಾಯಿಗೂ ಅಂಟುವುದಿಲ್ಲ. ಒಂದಕ್ಕೆ ಎರಡು ತಿಂಗಳು ಕಾದರೆ ಸಾಕಾಗಬಹುದು, ಇನ್ನೊಂದಕ್ಕೆ ಕಾದಷ್ಟೂ ಕಷ್ಟ.

ಅದಕ್ಕೇ ಈ ಕೈಪಿಡಿ ಹಿಂದುಮುಂದಾಗಿ ಹೋಗುವುದಿಲ್ಲ. ಮೊದಲು ಮನೆಯಲ್ಲೇ ನೋಡಬಹುದಾದ ಸುಳಿವು, ಆಮೇಲೆ ಪಶುವೈದ್ಯರ ಬಳಿ ಆಗಬೇಕಾದ ಪರೀಕ್ಷೆ, ಆಮೇಲೆ ಮದ್ದು. ‘ಮದ್ದು ಹಾಕಿದ್ದೇವೆ, ಆದರೂ ಹೋಗಿಲ್ಲ’ ಅನ್ನುವವರು ನೇರವಾಗಿ ಕೊನೆಯ ಭಾಗಕ್ಕೆ ಹೋಗಬಹುದು.

ತುರಿಕೆ ಮೊದಲೋ, ಕೂದಲು ಉದುರಿದ್ದು ಮೊದಲೋ?

ಪಶುವೈದ್ಯರು ಕೇಳುವ ಪ್ರಶ್ನೆಗಳಲ್ಲಿ ಇದಕ್ಕೆ ತೂಕ ಜಾಸ್ತಿ. ಉತ್ತರವನ್ನು ನೆನಪು ಮಾಡಿಕೊಂಡೇ ಹೋಗಿ.

ಮೊದಲು ವಿಪರೀತ ತುರಿಕೆ, ಕೆರೆದು ಕೆರೆದು ಆಮೇಲೆ ಕೂದಲು ಹೋಯಿತು ಅಂತಾದರೆ ಸಾರ್ಕಾಪ್ಟಿಸ್ ನುಸಿಯ ಮೇಲೆ ಅನುಮಾನ ಬರಬೇಕು. ಹೆಣ್ಣು ನುಸಿ ಅರ್ಧ ಮಿಲಿಮೀಟರ್ ಕೂಡ ಇರುವುದಿಲ್ಲ. ಅದು ಚರ್ಮದ ಮೇಲ್ಪದರದಲ್ಲಿ ಸುರಂಗ ತೋಡಿಕೊಂಡು ಹೋಗುತ್ತಾ ಮೊಟ್ಟೆ ಇಡುತ್ತದೆ. ಮೊಟ್ಟೆಯಿಂದ ಮತ್ತೆ ಮೊಟ್ಟೆ ಇಡುವ ನುಸಿ ಆಗುವವರೆಗೆ ಸುಮಾರು 17ರಿಂದ 21 ದಿನ. ಈ ಲೆಕ್ಕ ನೆನಪಿರಲಿ, ಮದ್ದಿನ ವಿಷಯದಲ್ಲಿ ಬೇಕಾಗುತ್ತದೆ. ನುಸಿ, ಅದರ ಹಿಕ್ಕೆ, ಜೊಲ್ಲು ಎಲ್ಲಕ್ಕೂ ನಾಯಿಯ ಮೈ ಅಲರ್ಜಿಯಂತೆ ಸಿಡಿದೇಳುತ್ತದೆ. ಹಾಗಾಗಿ ಮೈಮೇಲೆ ಹತ್ತಿಪ್ಪತ್ತು ನುಸಿ ಇದ್ದರೂ ಸಾಕು, ನಾಯಿ ರಾತ್ರಿಯಿಡೀ ನಿದ್ದೆ ಮಾಡುವುದಿಲ್ಲ. ಊಟ ಅರ್ಧಕ್ಕೆ ಬಿಟ್ಟು ಕೆರೆದುಕೊಳ್ಳುವ ನಾಯಿಯನ್ನು ಕಂಡರೆ ನನಗೆ ಮೊದಲು ಹೊಳೆಯುವುದು ಇದೇ.

ಕೂದಲು ಮೊದಲು ಉದುರಿತು, ತುರಿಕೆ ಇಲ್ಲ ಅಥವಾ ಅಷ್ಟಕ್ಕಷ್ಟೇ ಅಂತಾದರೆ ಡೆಮೊಡೆಕ್ಸ್ ಇರಬಹುದು. ಈ ನುಸಿ ಹೊರಗಿನಿಂದ ಬಂದ ಶತ್ರು ಏನಲ್ಲ. ಹುಟ್ಟಿದ ಮೊದಲ ಎರಡು ಮೂರು ದಿನಗಳಲ್ಲಿ, ಮರಿ ಹಾಲು ಕುಡಿಯುವಾಗ ತಾಯಿಯ ಮೈಯಿಂದಲೇ ದಾಟಿ ಬಂದಿರುತ್ತದೆ. ಆರೋಗ್ಯವಾಗಿರುವ ನಾಯಿಯ ಕೂದಲಿನ ಬುಡದಲ್ಲೂ ಅದು ಇದ್ದೇ ಇರುತ್ತದೆ. ರೋಗನಿರೋಧಕ ಶಕ್ತಿಯ ಹಿಡಿತ ಸಡಿಲವಾದಾಗ ಮಾತ್ರ ಲೆಕ್ಕ ತಪ್ಪಿ ಹೆಚ್ಚುತ್ತದೆ. ಡೆಮೊಡೆಕ್ಸ್ ಬಂದ ನಾಯಿ ಆಮೇಲೆ ಕೆರೆದುಕೊಳ್ಳಲು ಶುರುಮಾಡಿದರೆ, ಬ್ಯಾಕ್ಟೀರಿಯಾ ಸೋಂಕು ಮೇಲೇರಿ ಕೂತಿದೆ ಅಂತ ಅರ್ಥ.

ಎಲ್ಲಿ ಶುರುವಾಯಿತು?

ಈಗ ಮೈಯೆಲ್ಲ ಹರಡಿರಬಹುದು. ಆದರೆ ಮೊದಲು ಕಂಡ ಜಾಗ ಯಾವುದು ಅಂತ ಮನೆಯವರನ್ನೆಲ್ಲ ಕೇಳಿ.

ಸಾರ್ಕಾಪ್ಟಿಸ್‌ಗೆ ಕೂದಲು ತೆಳುವಾಗಿರುವ ಜಾಗ ಇಷ್ಟ. ಕಿವಿಯ ಅಂಚು, ಮುಂಗಾಲಿನ ಮೊಣಕೈ, ಹಿಂಗಾಲಿನ ಗಿಣ್ಣು, ಹೊಟ್ಟೆಯ ಅಡಿಭಾಗ, ಎದೆ. ಬೆನ್ನು ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ಡೆಮೊಡೆಕ್ಸ್ ಕಣ್ಣಿನ ಸುತ್ತ, ಬಾಯಿಯ ಮೂಲೆ, ಮುಂಗಾಲುಗಳಲ್ಲಿ ದುಂಡನೆಯ ಬೋಳು ತೇಪೆಯಾಗಿ ಕಾಣಿಸುತ್ತದೆ. ಅಲ್ಲಿ ಚರ್ಮ ಬೂದು ಬಣ್ಣಕ್ಕೆ ತಿರುಗಿ, ಸಣ್ಣ ಸಣ್ಣ ಕಪ್ಪು ಚುಕ್ಕೆ ಎದ್ದಿರುತ್ತವೆ. ಪಾದಗಳಿಗೇ ಬಂದರೆ ಬೆರಳ ಸಂದು ಊದಿ, ಕೀವು ತುಂಬಿ, ನಾಯಿ ಕುಂಟುತ್ತದೆ. ಈ ರೂಪ ತುಂಬಾ ನೋವಿನದು, ವಾಸಿಯಾಗುವುದೂ ನಿಧಾನ.

ಬೆಕ್ಕಿನ ಕಥೆ ಬೇರೆ. ಅದಕ್ಕೆ ಬರುವ ನುಸಿಯ ಹೆಸರು ನೋಟೋಎಡ್ರಿಸ್. ಕಿವಿಯ ಅಂಚಿನಿಂದ ಹೊರಟು ಮುಖ, ಕಣ್ಣುರೆಪ್ಪೆ, ಕುತ್ತಿಗೆಗೆ ಇಳಿಯುತ್ತದೆ. ಹಳದಿ ಮಿಶ್ರಿತ ಬೂದು ಬಣ್ಣದ ದಪ್ಪ ಹಕ್ಕಳೆ ಕಟ್ಟಿ ಚರ್ಮ ಸುಕ್ಕುಗಟ್ಟುತ್ತದೆ. ಬೆಕ್ಕು ಪಾದದಿಂದ ಮುಖ ಒರೆಸಿಕೊಳ್ಳುತ್ತದೆ, ಸುರುಳಿ ಸುತ್ತಿ ಮಲಗುತ್ತದೆ ಅಲ್ವಾ? ಅದಕ್ಕೇ ಪಾದ ಮತ್ತು ಬಾಲದ ಬುಡಕ್ಕೂ ಹಬ್ಬುತ್ತದೆ. ಬೆಕ್ಕಿನಲ್ಲಿ ಡೆಮೊಡೆಕ್ಸ್ ಎರಡು ಬಗೆ. ‘ಕ್ಯಾಟಿ’ ಅನ್ನುವುದು ಸಾಮಾನ್ಯವಾಗಿ ಒಳಗೆ ಬೇರೆ ಕಾಯಿಲೆ ಇರುವ ಬೆಕ್ಕಿಗೆ ಬರುತ್ತದೆ. ‘ಗ್ಯಾಟಾಯ್’ ಅನ್ನುವುದು ಚರ್ಮದ ಮೇಲೇ ಇರುತ್ತದೆ, ಬೆಕ್ಕಿನಿಂದ ಬೆಕ್ಕಿಗೆ ಅಂಟುತ್ತದೆ, ತುರಿಕೆಯನ್ನೂ ತರುತ್ತದೆ. ಬೆಕ್ಕು ಹೊಟ್ಟೆಯ ಕೂದಲನ್ನು ನೆಕ್ಕಿ ನೆಕ್ಕಿ ಬೋಳು ಮಾಡಿಕೊಂಡರೆ ಎಲ್ಲರೂ ‘ಟೆನ್ಶನ್’ ಅನ್ನುತ್ತಾರೆ. ಅನ್ನುವ ಮೊದಲು ಈ ನುಸಿಯನ್ನೂ ಹುಡುಕಬೇಕು.

ಬೆನ್ನ ಮೇಲೆ ಬಿಳಿ ಹೊಟ್ಟು ಜಾಸ್ತಿಯಾಗಿ, ಅದು ಅಲುಗಾಡಿದಂತೆ ಕಂಡರೆ ಚೈಲೆಟಿಯೆಲ್ಲಾ. ಅಲುಗುವುದು ಹೊಟ್ಟಲ್ಲ, ಅದರ ಕೆಳಗೆ ಓಡಾಡುವ ನುಸಿ. ಕಿವಿಯೊಳಗೆ ಕಾಫಿ ಪುಡಿಯಂಥ ಕಪ್ಪು ಗುಗ್ಗೆ ತುಂಬಿದ್ದರೆ, ತಲೆ ಕೊಡವುತ್ತಿದ್ದರೆ ಓಟೊಡೆಕ್ಟಿಸ್. ಅದರಲ್ಲೂ ಮರಿ ಬೆಕ್ಕಿನಲ್ಲಿ ಇದು ಮಾಮೂಲು.

ಮನೆಯಲ್ಲೇ ಮಾಡಬಹುದಾದ ಮೂರು ಪರೀಕ್ಷೆ

ಕಿವಿ ತಿಕ್ಕಿ ನೋಡುವುದು. ನಾಯಿ ನಿಂತಿರಲಿ ಅಥವಾ ಆರಾಮಾಗಿ ಕೂತಿರಲಿ. ಕಿವಿಯ ತುದಿಯನ್ನು ಮಡಿಸಿ, ಅಂಚಿಗೆ ಅಂಚು ತಾಗುವಂತೆ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿಯಿರಿ. ಮೆಲ್ಲಗೆ ಐದಾರು ಸೆಕೆಂಡು ತಿಕ್ಕಿ. ಅದೇ ಬದಿಯ ಹಿಂಗಾಲು ತನ್ನಷ್ಟಕ್ಕೆ ಕೆರೆಯುವಂತೆ ಗಾಳಿಯಲ್ಲಿ ಆಡಿದರೆ ಸಾರ್ಕಾಪ್ಟಿಸ್ ಇರುವ ಸಾಧ್ಯತೆ ಬಲವಾಗುತ್ತದೆ. ಈ ಕಜ್ಜಿ ಇರುವ ನಾಯಿಗಳಲ್ಲಿ ಹೆಚ್ಚಿನವು ಹೀಗೆ ಕಾಲಾಡಿಸುತ್ತವೆ. ಕಿವಿಗೆ ಬೇರೆ ಏನೋ ಆಗಿದ್ದರೂ ಕಾಲಾಡಿಸಬಹುದು, ಹಾಗಾಗಿ ಇದು ತೀರ್ಪಲ್ಲ, ಸುಳಿವು. ತಿಕ್ಕಿದ ಮೇಲೆ ಕೈ ತೊಳೆದುಕೊಳ್ಳಿ.

ಒದ್ದೆ ಬಿಳಿ ಕಾಗದ. ಸಣ್ಣ ಹಲ್ಲಿನ ಬಾಚಣಿಗೆಯಿಂದ ಬಾಲದ ಬುಡದ ಕೂದಲು ಬಾಚಿ, ಉದುರಿದ ಕಪ್ಪು ಕಣಗಳನ್ನು ಒದ್ದೆ ಕಾಗದದ ಮೇಲೆ ಹಾಕಿ. ಸುತ್ತ ಕೆಂಪು ಬಣ್ಣ ಹರಡಿದರೆ ಅದು ಚಿಗಟದ ಹಿಕ್ಕೆ, ಒಳಗಿರುವುದು ಜೀರ್ಣವಾದ ರಕ್ತ. ಕೆರೆತ ಬಾಲದ ಬುಡ, ಸೊಂಟದಲ್ಲೇ ಜಾಸ್ತಿ ಇದ್ದರೆ ಇದು ಚಿಗಟದ ಅಲರ್ಜಿ ಇರಬಹುದು. ಕಜ್ಜಿ ಅಂತ ಬಂದ ಎಷ್ಟೋ ಕೇಸುಗಳು ಇಲ್ಲೇ ಮುಗಿಯುತ್ತವೆ.

ಕಪ್ಪು ಕಾಗದ. ಕಿವಿಯಿಂದ ಹತ್ತಿಯಲ್ಲಿ ಒರೆಸಿದ ಗುಗ್ಗೆ ಅಥವಾ ಬೆನ್ನಿನಿಂದ ಬಾಚಿದ ಹೊಟ್ಟನ್ನು ಕಪ್ಪು ಕಾಗದದ ಮೇಲೆ ಉದುರಿಸಿ. ಬೆಳಕು ಹಿಡಿದು, ಭೂತಗನ್ನಡಿ ಇದ್ದರೆ ಅದರಲ್ಲಿ ನೋಡಿ. ಬಿಳಿ ಚುಕ್ಕೆ ಮೆಲ್ಲಗೆ ಚಲಿಸಿದರೆ ನುಸಿ ಸಿಕ್ಕಿತು. ಕಿವಿಯೊಳಗೆ ಕಡ್ಡಿ ತೂರಿಸಬೇಡಿ, ಕಾಣುವಷ್ಟು ಮಾತ್ರ ಒರೆಸಿ.

ಇವುಗಳ ಜೊತೆ ಇನ್ನೊಂದು ಪ್ರಶ್ನೆ: ಮನೆಯಲ್ಲಿ ಬೇರೆ ಯಾರಿಗೆ ತುರಿಕೆ? ನಾಯಿಯನ್ನು ಎತ್ತಿಕೊಂಡ ಮುಂಗೈ, ಹೊಟ್ಟೆಯ ಮೇಲೆ ಕೆಂಪು ದದ್ದು ಎದ್ದಿದ್ದರೆ ಸಾರ್ಕಾಪ್ಟಿಸ್, ನೋಟೋಎಡ್ರಿಸ್ ಅಥವಾ ಚೈಲೆಟಿಯೆಲ್ಲಾ ಇರಬಹುದು. ಡೆಮೊಡೆಕ್ಸ್ ನಾಯಿಯಿಂದ ಮನುಷ್ಯರಿಗೆ ಬರುವುದಿಲ್ಲ.

ದುಂಡಗೆ ಕೂದಲು ಹೋಗಿ ಅಂಚಿನಲ್ಲಿ ಹೊಟ್ಟು ಇದ್ದರೆ ಹುಳಕಡ್ಡಿಯೂ ಆಗಿರಬಹುದು. ಅದು ಶಿಲೀಂಧ್ರ, ಮನುಷ್ಯರಿಗೂ ಅಂಟುತ್ತದೆ, ಮದ್ದೇ ಬೇರೆ. ಡೆಮೊಡೆಕ್ಸ್ ತೇಪೆಗೂ ಇದಕ್ಕೂ ಬರಿಗಣ್ಣಲ್ಲಿ ವ್ಯತ್ಯಾಸ ಹೇಳುವುದು ಕಷ್ಟ.

ಪಶುವೈದ್ಯರ ಬಳಿ: ಚರ್ಮ ಕೆರೆದು ನೋಡುವುದು

ಇದಕ್ಕೆ ಸ್ಕಿನ್ ಸ್ಕ್ರೇಪಿಂಗ್ ಅನ್ನುತ್ತಾರೆ. ಡೆಮೊಡೆಕ್ಸ್ ಅನುಮಾನ ಇದ್ದರೆ ಚರ್ಮವನ್ನು ಬೆರಳುಗಳ ನಡುವೆ ಹಿಡಿದು ಹಿಂಡುತ್ತಾರೆ. ಆಳದಲ್ಲಿರುವ ನುಸಿ ಮೇಲೆ ಬರಲಿ ಅಂತ. ಒಂದು ಹನಿ ಎಣ್ಣೆ ಹಾಕಿ, ಮೊಂಡು ಬ್ಲೇಡಿನಿಂದ ಕೂದಲು ಬೆಳೆಯುವ ದಿಕ್ಕಿನಲ್ಲಿ, ರಕ್ತ ಸಣ್ಣಗೆ ಜಿನುಗುವವರೆಗೆ ಕೆರೆಯುತ್ತಾರೆ. ನೋಡಲು ಸಂಕಟವಾಗುತ್ತದೆ, ಆದರೆ ರಕ್ತ ಜಿನುಗದಿದ್ದರೆ ಬುಡ ಮುಟ್ಟಿಲ್ಲ ಅಂತಲೇ ಅರ್ಥ. ಕಣ್ಣಿನ ಹತ್ತಿರ, ಬೆರಳ ಸಂದಿಯಲ್ಲಿ ಕೆರೆಯಲು ಆಗದಿದ್ದರೆ ಕೆಲವು ಕೂದಲನ್ನು ಬುಡಸಮೇತ ಕಿತ್ತು ನೋಡುತ್ತಾರೆ. ಮೈಕ್ರೋಸ್ಕೋಪಿನಡಿ ಡೆಮೊಡೆಕ್ಸ್ ಉದ್ದನೆಯ ಮೈ, ಮುಂದೆ ಎಂಟು ಮೋಟು ಕಾಲು. ಸಾರ್ಕಾಪ್ಟಿಸ್ ದುಂಡಗೆ.

ಇಲ್ಲೊಂದು ಮುಖ್ಯ ವಿಷಯ. ಡೆಮೊಡೆಕ್ಸ್ ಕಾಯಿಲೆ ಇದ್ದರೆ ಸರಿಯಾಗಿ ಕೆರೆದಾಗ ಸಾಮಾನ್ಯವಾಗಿ ಸಿಗುತ್ತದೆ. ಸಾರ್ಕಾಪ್ಟಿಸ್ ಹಾಗಲ್ಲ. ನುಸಿಗಳ ಸಂಖ್ಯೆಯೇ ಕಡಿಮೆ, ಹಲವು ಜಾಗ ಕೆರೆದರೂ ಅರ್ಧಕ್ಕರ್ಧ ನಾಯಿಗಳಲ್ಲಿ ಕಣ್ಣಿಗೆ ಬೀಳುವುದೇ ಇಲ್ಲ. ‘ಟೆಸ್ಟ್ ಮಾಡಿಸಿದ್ವಿ, ಏನೂ ಇಲ್ಲ ಅಂದ್ರು’ ಅಂತ ಸಮಾಧಾನ ಪಟ್ಟುಕೊಂಡು, ತುರಿಕೆಯ ಜೊತೆ ರೋಗನಿರೋಧಕ ಶಕ್ತಿಯನ್ನೂ ತಗ್ಗಿಸುವ ಸ್ಟೀರಾಯ್ಡ್ ಶುರುಮಾಡಿದರೆ ಕೆಲಸ ಕೆಡುತ್ತದೆ. ಲಕ್ಷಣ ಹೊಂದುತ್ತಿದ್ದರೆ, ವರದಿ ಖಾಲಿ ಬಂದರೂ ಸಾರ್ಕಾಪ್ಟಿಸ್ ಮದ್ದು ಕೊಟ್ಟು ನೋಡುವುದು ಪಶುವೈದ್ಯರಲ್ಲಿ ಒಪ್ಪಿತ ಕ್ರಮ. ತುರಿಕೆ ನಿಂತರೆ ಅದೇ ಪರೀಕ್ಷೆಯ ಫಲಿತಾಂಶ. ಬೆಕ್ಕಿನ ಗ್ಯಾಟಾಯ್ ಕೂಡ ಹೀಗೆ ತಪ್ಪಿಸಿಕೊಳ್ಳುತ್ತದೆ, ಏಕೆಂದರೆ ಬೆಕ್ಕು ನೆಕ್ಕಿ ನುಂಗಿಬಿಟ್ಟಿರುತ್ತದೆ. ಕೆಲವೊಮ್ಮೆ ಅದು ಸಿಗುವುದು ಮಲ ಪರೀಕ್ಷೆಯಲ್ಲಿ!

ವಯಸ್ಸಾದ ನಾಯಿಗೆ ಹೊಸದಾಗಿ ಡೆಮೊಡೆಕ್ಸ್ ಬಂದರೆ ನುಸಿ ಕೊಂದು ಸುಮ್ಮನಾಗಬೇಡಿ. ಇಷ್ಟು ವರ್ಷ ಹಿಡಿತದಲ್ಲಿದ್ದದ್ದು ಈಗ ಯಾಕೆ ತಪ್ಪಿತು? ಥೈರಾಯ್ಡ್ ಕಡಿಮೆಯಾಗಿದೆಯೇ, ಕುಶಿಂಗ್ ಕಾಯಿಲೆಯೇ (ಮೈಯೊಳಗಿನ ಸ್ಟೀರಾಯ್ಡ್ ಹಾರ್ಮೋನು ಅತಿಯಾಗುವುದು), ಗಡ್ಡೆಯೇ, ತಿಂಗಳುಗಟ್ಟಲೆ ಕೊಟ್ಟ ಸ್ಟೀರಾಯ್ಡ್ ಕಾರಣವೇ ಅಂತ ರಕ್ತಪರೀಕ್ಷೆಯಿಂದ ಹಿಡಿದು ಹುಡುಕಬೇಕು.

ಮದ್ದು

ಮರಿಗೆ ಒಂದೆರಡು ಕಡೆ ಮಾತ್ರ ಡೆಮೊಡೆಕ್ಸ್ ತೇಪೆ ಇದ್ದರೆ ಹೆಚ್ಚಿನವು ಆರರಿಂದ ಎಂಟು ವಾರದಲ್ಲಿ ತಾವಾಗಿಯೇ ಮಾಯುತ್ತವೆ. ಹೊಟ್ಟೆಹುಳಕ್ಕೆ ಮದ್ದು, ಒಳ್ಳೆಯ ಆಹಾರ, ವಾರಕ್ಕೊಮ್ಮೆ ಫೋಟೋ. ಅಷ್ಟು ಸಾಕು. ಏನಾದರೂ ಹಚ್ಚಲೇಬೇಕು ಅಂತ ಕೈ ತುರಿಸುತ್ತದೆ, ನಿಜ. ತಡೆದುಕೊಳ್ಳಿ. ತೇಪೆ ಹೆಚ್ಚುತ್ತಾ ಹೋದರೆ, ಪಾದಕ್ಕೆ ಇಳಿದರೆ ಮಾತ್ರ ಮದ್ದಿನ ಮಾತು.

ಉಳಿದಂತೆ ಈಗ ನಾಯಿಗಳಿಗೆ ಪಶುವೈದ್ಯರು ಮೊದಲು ಕೊಡುವುದು ಐಸಾಕ್ಸಜೊಲಿನ್ ಗುಂಪಿನ ಮದ್ದುಗಳು: ಅಫೊಕ್ಸೊಲಾನರ್, ಸರೊಲಾನರ್, ಲೊಟಿಲಾನರ್, ಫ್ಲುರಲಾನರ್. ಇವುಗಳಲ್ಲಿ ಮೊದಲ ಮೂರೂ ಪ್ರತಿ ತಿಂಗಳು ಕೊಡುವ ಮಾತ್ರೆಗಳು. ಫ್ಲುರಲಾನರ್ ಮಾತ್ರೆಯ ಪ್ರಭಾವ ಸುಮಾರು ಮೂರು ತಿಂಗಳು. ಉಣ್ಣೆ, ಚಿಗಟಕ್ಕೆಂದು ಬಂದ ಇವು ಸಾರ್ಕಾಪ್ಟಿಸ್, ಡೆಮೊಡೆಕ್ಸ್ ಎರಡರ ಮೇಲೂ ಚೆನ್ನಾಗಿ ಕೆಲಸ ಮಾಡುತ್ತವೆ. ನಾಯಿಗೆ ಮೊದಲು ಫಿಟ್ಸ್ ಬಂದಿದ್ದರೆ ತಪ್ಪದೇ ಹೇಳಿ. ಈ ಗುಂಪಿನ ಮದ್ದಿನಿಂದ ಕೆಲವು ಪ್ರಾಣಿಗಳಿಗೆ ಫಿಟ್ಸ್ ಬರಬಹುದು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲಿ ಎಚ್ಚರಿಕೆ ಕೊಟ್ಟಿದೆ. ಕುತ್ತಿಗೆಯ ಮೇಲೆ ಹನಿಸುವ ಸೆಲಾಮೆಕ್ಟಿನ್, ಮಾಕ್ಸಿಡೆಕ್ಟಿನ್ ಕೂಡ ಸಾರ್ಕಾಪ್ಟಿಸ್ ಮತ್ತು ಕಿವಿನುಸಿಗೆ ಆಗುತ್ತವೆ. ಬೆಕ್ಕಿಗೆ ಇವೇ ಅನುಕೂಲ.

ಐವರ್‌ಮೆಕ್ಟಿನ್ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಒಳ್ಳೆಯ ಮದ್ದೇ, ಅದನ್ನು ಕಂಡುಹಿಡಿದವರಿಗೆ 2015ರಲ್ಲಿ ನೊಬೆಲ್ ಕೂಡ ಬಂತು. ಆದರೆ ದನ, ಕುರಿಗೆ ಬಳಸುವ ಬಾಟಲಿಯಿಂದ ಮನೆಯಲ್ಲೇ ಸಿರಿಂಜಿಗೆ ಎಳೆದು ನಾಯಿಗೆ ಚುಚ್ಚುವವರಿದ್ದಾರೆ. ಲೆಕ್ಕ ನೋಡಿ. 1% ಬಾಟಲಿಯಲ್ಲಿ ಪ್ರತಿ ಮಿಲಿಲೀಟರಿಗೆ 10 ಮಿಲಿಗ್ರಾಂ ಮದ್ದು. 5 ಕೆಜಿ ನಾಯಿಗೆ ‘ಒಂದೇ ಎಂಎಲ್ ತಾನೇ’ ಅಂತ ಕೊಟ್ಟರೆ ಕೆಜಿಗೆ 2000 ಮೈಕ್ರೋಗ್ರಾಂ ಹೋಯಿತು. ಸಾರ್ಕಾಪ್ಟಿಸ್‌ಗೆ ಪಶುವೈದ್ಯರು ಬಳಸುವುದು 200ರಿಂದ 400. ಐದರಿಂದ ಹತ್ತು ಪಟ್ಟು! ಮೇಲಾಗಿ ಕೋಲಿ, ಆಸ್ಟ್ರೇಲಿಯನ್ ಶೆಫರ್ಡ್, ಶೆಟ್‌ಲ್ಯಾಂಡ್ ಶೀಪ್‌ಡಾಗ್‌ನಂಥ ತಳಿಗಳಲ್ಲಿ ಎಂಡಿಆರ್1 ಅನ್ನುವ ಜೀನ್ ದೋಷ ಇರಬಹುದು. ಅಂಥ ನಾಯಿಗಳಲ್ಲಿ ಮದ್ದು ಮಿದುಳಿಗೇ ನುಗ್ಗುತ್ತದೆ, ಸರಿಯಾದ ಪ್ರಮಾಣವೇ ವಿಷವಾಗಬಹುದು. ಬೆರಕೆ ನಾಯಿಯಲ್ಲೂ ಈ ಜೀನ್ ಇರಬಹುದು. ಕಣ್ಣಿನ ಪಾಪೆ ಹಿಗ್ಗುವುದು, ಜೊಲ್ಲು, ತೂರಾಟ, ನಡುಕ, ಕಣ್ಣು ಕಾಣದಂತಾಗುವುದು. ಇವು ಕಂಡರೆ ಒಂದು ನಿಮಿಷವೂ ಕಾಯಬೇಡಿ.

ನುಸಿ ಕೊಲ್ಲುವ ಅಮಿಟ್ರಾಜ್ ದ್ರಾವಣದ ಸ್ನಾನ ಹಳೆಯ ದಾರಿ. ಬೆಕ್ಕಿಗೆ ಬೇಡ. ನಾಯಿಗೂ ಗಾಳಿಯಾಡುವ ಕಡೆ, ಕೈಗವಸು ಹಾಕಿಕೊಂಡು, ವೈದ್ಯರು ಹೇಳಿದ ಪ್ರಮಾಣದಲ್ಲಿ ಮಾತ್ರ. ಮನೆಯಲ್ಲಿ ಸಕ್ಕರೆ ಕಾಯಿಲೆ ಅಥವಾ ಆಸ್ತಮಾ ಇರುವವರು ಅದನ್ನು ಮುಟ್ಟದಿರುವುದೇ ಒಳ್ಳೆಯದು. ಸುಣ್ಣ-ಗಂಧಕದ ದ್ರಾವಣ ಕೊಳೆತ ಮೊಟ್ಟೆಯ ನಾತ ಹೊಡೆಯುತ್ತದೆ, ಬಿಳಿ ಕೂದಲನ್ನು ಹಳದಿ ಮಾಡುತ್ತದೆ. ಆದರೂ ಮರಿಗಳಿಗೆ, ಬೆಕ್ಕಿಗೆ ಸುರಕ್ಷಿತ. ಒಣಗುವವರೆಗೆ ನೆಕ್ಕದಂತೆ ಕುತ್ತಿಗೆಗೆ ಕೋನ್ (ಬಾಯಿ ಮೈಗೆ ತಾಗದಂತೆ ತಡೆಯುವ ಅಗಲದ ಪಟ್ಟಿ) ಕಟ್ಟಬೇಕು.

ಹಚ್ಚಲೇಬಾರದವು: ಹಳೆಯ ಎಂಜಿನ್ ಆಯಿಲ್, ಸೀಮೆಎಣ್ಣೆ, ಫಿನೈಲ್, ಹೊಲಕ್ಕೆ ಹೊಡೆಯುವ ಕೀಟನಾಶಕ, ಟೀ ಟ್ರೀ ಎಣ್ಣೆ. ಇವು ಚರ್ಮ ಸುಡುತ್ತವೆ. ನೆಕ್ಕಿದಾಗ ಹೊಟ್ಟೆಗೆ, ಲಿವರಿಗೆ, ಶ್ವಾಸಕೋಶಕ್ಕೆ ಹೋಗುತ್ತವೆ. ನಾಯಿಯ ಚಿಗಟ, ಉಣ್ಣೆಗೆಂದು ಮಾಡಿದ ಪರ್ಮೆಥ್ರಿನ್ ಹನಿಯನ್ನು ಬೆಕ್ಕಿಗೆ ಹಾಕಿದರೆ ಬೆಕ್ಕು ಸಾಯಬಹುದು. ಮನೆಯಲ್ಲಿ ಮೊಲವೂ ಇದ್ದರೆ ಅದಕ್ಕೆ ಫಿಪ್ರೊನಿಲ್ (ಚಿಗಟದ ಮದ್ದು) ಬೇಡ. ಮೊಲದ ಕಿವಿಯಲ್ಲಿ ಪದರ ಪದರವಾಗಿ ಕಟ್ಟಿದ ಹಕ್ಕಳೆಯನ್ನು ಕೀಳಲೂ ಬೇಡಿ, ಪ್ರಾಣ ಹೋಗುವಷ್ಟು ನೋವು. ಮದ್ದು ಹಿಡಿದ ಮೇಲೆ ತಾನೇ ಬೀಳುತ್ತದೆ.

ಕೀವು, ವಾಸನೆ ಇದ್ದರೆ ಬ್ಯಾಕ್ಟೀರಿಯಾ ಸೋಂಕಿಗೂ ಚಿಕಿತ್ಸೆ ಬೇಕು. ಕ್ಲೋರ್‌ಹೆಕ್ಸಿಡಿನ್ ಶಾಂಪೂ ಹಾಕಿ ಹತ್ತು ನಿಮಿಷ ಬಿಟ್ಟು ತೊಳೆಯಿರಿ. ಹಾಕಿದ ಕೂಡಲೇ ತೊಳೆದರೆ ನೊರೆ ಮಾತ್ರ ಬಂದಂತೆ.

‘ಮದ್ದು ಹಾಕಿದರೂ ಹೋಗುತ್ತಿಲ್ಲ’

ಮೊದಲ ವಾರದಲ್ಲೇ ಹೀಗನ್ನುತ್ತಿದ್ದರೆ, ಸ್ವಲ್ಪ ತಾಳಿ. ಸಾರ್ಕಾಪ್ಟಿಸ್ ಸತ್ತರೂ ಅದರ ಹೆಣ, ಹಿಕ್ಕೆ ಚರ್ಮದಲ್ಲೇ ಇರುತ್ತವೆ. ತುರಿಕೆ ಎರಡು ಮೂರು ವಾರ ಎಳೆಯಬಹುದು, ಮೊದಲ ಕೆಲವು ದಿನ ಹೆಚ್ಚಲೂಬಹುದು. ಆಗ ಗಾಬರಿಯಾಗಿ ಇನ್ನೊಂದು ಮದ್ದು ಮೇಲೆ ಸುರಿಯಬೇಡಿ.

ತಿಂಗಳಾದರೂ ಹಾಗೇ ಇದ್ದರೆ ನಾನು ಮೊದಲು ಕೇಳುವುದು: ಮನೆಯ ಉಳಿದ ಪ್ರಾಣಿಗಳಿಗೆ ಮದ್ದು ಕೊಟ್ಟಿರಾ? ಸಾರ್ಕಾಪ್ಟಿಸ್, ಕಿವಿನುಸಿ, ಚೈಲೆಟಿಯೆಲ್ಲಾ ಇವುಗಳಲ್ಲಿ ಕೆರೆದುಕೊಳ್ಳದ ಪ್ರಾಣಿಯೂ ನುಸಿ ಹೊತ್ತಿರಬಹುದು. ಒಂದಕ್ಕೆ ಮಾತ್ರ ಕೊಟ್ಟರೆ ನುಸಿ ಆ ಮೈಯಿಂದ ಈ ಮೈಗೆ ಓಡಾಡುತ್ತಲೇ ಇರುತ್ತದೆ. ಹೊರಗೆ ಅಡ್ಡಾಡುವ ನಾಯಿಯಾದರೆ ಬೀದಿನಾಯಿ, ನರಿಗಳಿಂದ ಮತ್ತೆ ತರಬಹುದು.

ಎರಡನೆಯದು, ಯಾವಾಗ ನಿಲ್ಲಿಸಿದಿರಿ? ಹೆಚ್ಚಿನ ಮದ್ದುಗಳು ಮೊಟ್ಟೆಯನ್ನು ಕೊಲ್ಲುವುದಿಲ್ಲ. ಆ 21 ದಿನದ ಸುತ್ತು ಮುಗಿಯುವವರೆಗೂ ಮೈಯಲ್ಲಿ ಮದ್ದು ಇರಬೇಕು. ಡೆಮೊಡೆಕ್ಸ್‌ನಲ್ಲಿ ಇದು ಇನ್ನೂ ಕಟ್ಟುನಿಟ್ಟು. ಎರಡನೇ ತಿಂಗಳಲ್ಲಿ ಹೊಸ ಕೂದಲು ಬಂದು ನಾಯಿ ಮಿರಿಮಿರಿ ಮಿಂಚುತ್ತಿರುತ್ತದೆ, ಮನೆಯವರು ಮದ್ದು ನಿಲ್ಲಿಸುತ್ತಾರೆ, ಮೂರು ತಿಂಗಳಲ್ಲಿ ಮತ್ತೆ ಬೋಳು. ಕೂದಲು ನುಸಿಗಿಂತ ಮೊದಲೇ ವಾಸಿಯಾಗಿಬಿಡುತ್ತದೆ. ಒಂದು ತಿಂಗಳ ಅಂತರದಲ್ಲಿ ಎರಡು ಸಲ ಕೆರೆದು ನೋಡಿ, ಎರಡರಲ್ಲೂ ನುಸಿ, ಮೊಟ್ಟೆ ಏನೂ ಸಿಗದಿದ್ದಾಗ ಮಾತ್ರ ನಿಲ್ಲಿಸಬೇಕು. ನಿಲ್ಲಿಸಿದ ಮೇಲೂ ಒಂದು ವರ್ಷ ಕಣ್ಣಿಟ್ಟಿರಬೇಕು.

ಆಮೇಲೆ ಸಣ್ಣಪುಟ್ಟವು. ಮರಿ ಬೆಳೆದು ತೂಕ ಹೆಚ್ಚಿದೆ, ಮದ್ದು ಹಳೆಯ ತೂಕದ್ದೇ ಇದೆ. ಹನಿಸುವ ಮದ್ದು ಹಾಕಿದ ಮಾರನೇ ದಿನವೇ ಸ್ನಾನ ಮಾಡಿಸಿದ್ದೀರಿ. ಇನ್ಯಾವುದೋ ಕಾರಣಕ್ಕೆ ಸ್ಟೀರಾಯ್ಡ್ ನಡೆಯುತ್ತಲೇ ಇದೆ. ಇದು ಡೆಮೊಡೆಕ್ಸ್‌ಗೆ ಗೊಬ್ಬರ ಹಾಕಿದ ಹಾಗೆಯೇ. ಇವೆಲ್ಲ ಸರಿಯಿದ್ದೂ ಗುಣವಾಗದಿದ್ದರೆ ರೋಗವೇ ಬೇರೆ ಇರಬಹುದು. ಆಹಾರದ ಅಲರ್ಜಿ, ಧೂಳಿನ ಅಲರ್ಜಿ, ಯೀಸ್ಟ್ ಸೋಂಕು. ಹೊಸದಾಗಿ ಚರ್ಮ ಕೆರೆಸಿ ಮೊದಲಿನಿಂದ ಶುರುಮಾಡಿ.

ಹಾಸಿಗೆ, ಬಟ್ಟೆಯ ವಿಷಯ. ಡೆಮೊಡೆಕ್ಸ್ ಆದರೆ ಏನೂ ಮಾಡಬೇಕಿಲ್ಲ. ಸಾರ್ಕಾಪ್ಟಿಸ್ ಮೈಬಿಟ್ಟು ಸಾಮಾನ್ಯ ಕೋಣೆಯಲ್ಲಿ ಕೆಲವೇ ದಿನ ಬದುಕುತ್ತದೆ, ತಂಪು ತೇವ ಇದ್ದರೆ ಇನ್ನೂ ಹೆಚ್ಚು. ಹಾಸಿಗೆಯನ್ನು ಬಿಸಿನೀರಲ್ಲಿ ಒಗೆದು ಚೆನ್ನಾಗಿ ಒಣಗಿಸಿ, ಬಾಚಣಿಗೆ, ಕೊರಳಪಟ್ಟಿ ತೊಳೆಯಿರಿ. ಚೈಲೆಟಿಯೆಲ್ಲಾ ಇನ್ನೂ ಗಟ್ಟಿ ಜೀವ, ನೆಲ ಮೂಲೆಗಳನ್ನೂ ಗುಡಿಸಬೇಕು.

ಮನುಷ್ಯರ ಮೈಮೇಲೆ ನಾಯಿಯ ಸಾರ್ಕಾಪ್ಟಿಸ್ ಸಂತಾನ ಮುಂದುವರಿಸಲಾರದು. ನಾಯಿ ಗುಣವಾದ ಮೇಲೆ ನಿಮ್ಮ ದದ್ದು ಎರಡು ಮೂರು ವಾರದಲ್ಲಿ ಇಳಿಯಬೇಕು. ಇಳಿಯದಿದ್ದರೆ, ಅದರಲ್ಲೂ ಬೆರಳ ಸಂದಿಯಲ್ಲಿ ತುರಿಕೆ ಇದ್ದು ರಾತ್ರಿ ಹೆಚ್ಚಾದರೆ ನಿಮ್ಮ ಡಾಕ್ಟರನ್ನು ಕಾಣಿ. ಮನುಷ್ಯರ ಕಜ್ಜಿಯೇ ಬೇರೆ ಇದೆ, ಅದು ಮನುಷ್ಯರಿಂದಲೇ ಬರುತ್ತದೆ. ಪಾಪ, ಬೈಸಿಕೊಳ್ಳುವುದು ಮಾತ್ರ ನಾಯಿ.

ಮರಿಯಾಗಿದ್ದಾಗಲೇ ಮೈಯೆಲ್ಲ ಡೆಮೊಡೆಕ್ಸ್ ಹರಡಿದ್ದ ನಾಯಿ ಪೂರ್ತಿ ಗುಣವಾಗಿದ್ದರೂ ಅದರಿಂದ ಮರಿ ಮಾಡಿಸಬೇಡಿ. ಈ ದೌರ್ಬಲ್ಯ ವಂಶದಲ್ಲಿ ಇಳಿಯುತ್ತದೆ. ಸಂತಾನಹರಣ ಆಪರೇಷನ್ ಮಾಡಿಸಲು ಇದೊಂದೇ ಕಾರಣ ಸಾಕು.